ಕಟ್ಟೆ ಹೋಯಿತು, ಮೆಟ್ಟಿಲು ಬಂತು

ಬೆಂಗಳೂರಿನ ಜಯನಗರದಲ್ಲಿ ಬೆಳಗಿನ ವಾಕಿಂಗ್ ಹೊರಟ ಹಿರಿಯರನ್ನು ನೋಡಿ. ಪಕ್ಕದಲ್ಲೇ ಫುಟ್‌ಪಾತ್ ಇದ್ದರೂ ಎಷ್ಟೋ ಮಂದಿ ರಸ್ತೆಯಂಚಿನಲ್ಲೇ ನಡೆಯುತ್ತಾರೆ. ಹಟಕ್ಕಲ್ಲ, ಮಂಡಿನೋವಿಗೆ. ನಮ್ಮ ಫುಟ್‌ಪಾತ್ ಎಂದರೆ ಬಹುಪಾಲು ಚರಂಡಿಯ ಮೇಲೆ ಹಾಸಿದ ಚಪ್ಪಡಿ. ಚರಂಡಿ ಗೋಡೆ ಎಷ್ಟೆತ್ತರವೋ ಅದೂ ಅಷ್ಟೆತ್ತರ. ಗೇಟಿನ ಮುಂದೆ ಕಾರಿಗೆಂದು ಇಳಿಜಾರು. ಇಳಿಯಬೇಕು, ಮತ್ತೆ ಹತ್ತಬೇಕು. ಹತ್ತು ಮನೆ ದಾಟುವುದರೊಳಗೆ ಹತ್ತು ಸಲ. ಅಂಚುಗಲ್ಲಿನ ಎತ್ತರ 150 ಮಿ.ಮೀ. ಮೀರಬಾರದು ಎನ್ನುತ್ತದೆ ರಸ್ತೆ ನಿರ್ಮಾಣಕ್ಕೆ ಮಾನದಂಡ ರೂಪಿಸುವ ಇಂಡಿಯನ್ ರೋಡ್ಸ್ ಕಾಂಗ್ರೆಸ್‌ನ 2012ರ ಮಾರ್ಗಸೂಚಿ. ಅಂದರೆ ಒಂದು ಗೇಣಿಗೂ ಕಡಿಮೆ.

1948ರಲ್ಲಿ ಜಯನಗರಕ್ಕೆ ಶಂಕುಸ್ಥಾಪನೆಯಾದಾಗ ಮುಪ್ಪು ಯಾರ ಲೆಕ್ಕದಲ್ಲೂ ಇದ್ದಿರಲಾರದು. 1961ರಲ್ಲೂ ದೇಶದಲ್ಲಿ ಅರವತ್ತು ದಾಟಿದವರು ನೂರಕ್ಕೆ ಆರು ಮಂದಿಯೂ ಇರಲಿಲ್ಲ. ಎಚ್‌ಎಂಟಿ, ಬಿಇಎಲ್, ಎಚ್‌ಎಎಲ್‌ಗಳಲ್ಲಿ ದುಡಿಯುತ್ತಿದ್ದ ಎಷ್ಟೋ ಜನ ಆಗ ಯುವಕರು. ಮೂವತ್ತು–ನಲವತ್ತು ಅಡಿಯ ಸೈಟಿನಲ್ಲಿ ಮನೆ ಕಟ್ಟಿ, ಕೆಳಗಿನದನ್ನು ಬಾಡಿಗೆಗೆ ಕೊಟ್ಟು, ತಾವು ಮಹಡಿಯಲ್ಲಿ ಉಳಿದರು. ಈಗ ಎಂಬತ್ತು ದಾಟಿದ್ದಾರೆ. ಅದೇ ಹದಿನೆಂಟು ಮೆಟ್ಟಿಲು.

ಸರ್ಕಾರಕ್ಕೆ ಮುಪ್ಪು ಮೊದಲು ಕಂಡದ್ದು ದುಡ್ಡಿನ ಪ್ರಶ್ನೆಯಾಗಿ. 1995ರಲ್ಲಿ ಕೇಂದ್ರದ ವೃದ್ಧಾಪ್ಯ ವೇತನ ಶುರುವಾಯಿತು, ತಿಂಗಳಿಗೆ 75 ರೂಪಾಯಿ. 1999ರಲ್ಲಿ ರಾಷ್ಟ್ರೀಯ ನೀತಿ. 2007ರ ಕಾಯ್ದೆ ಹೆತ್ತವರನ್ನು ನೋಡಿಕೊಳ್ಳದ ಮಕ್ಕಳಿಂದ ತಿಂಗಳಿಗೆ 10,000 ರೂಪಾಯಿವರೆಗೆ ಜೀವನಾಂಶ ಕೊಡಿಸುವ ದಾರಿ ತೆರೆಯಿತು. ಎಲ್ಲವೂ ಬೇಕಾದದ್ದೇ. ಆದರೆ ಇವುಗಳ ಕಾಳಜಿ ಹೆಚ್ಚಾಗಿ ಗೇಟಿನೊಳಗೇ ನಿಂತಿತು ಅನ್ನಿಸುತ್ತದೆ.

ಗೇಟಿನಾಚೆಯ ಮಾತು ಬಂದದ್ದೂ 2007ರಲ್ಲೇ. ವಿಶ್ವ ಆರೋಗ್ಯ ಸಂಸ್ಥೆ 33 ನಗರಗಳಲ್ಲಿ ಹಿರಿಯರನ್ನು ಕೂರಿಸಿಕೊಂಡು ಕೇಳಿ, ‘ಹಿರಿಯಸ್ನೇಹಿ ನಗರ’ದ ಕೈಪಿಡಿ ತಂದಿತು. ಭಾರತದಿಂದ ದೆಹಲಿ, ಉದಯಪುರ ಇದ್ದವು, ಬೆಂಗಳೂರು ಇರಲಿಲ್ಲ. ಎಂಟು ವಿಷಯಗಳ ಆ ಪಟ್ಟಿಯಲ್ಲಿ ಮೊದಲನೆಯದು ಹೊರಾಂಗಣ ಮತ್ತು ಕಟ್ಟಡ, ಎರಡನೆಯದು ಸಾರಿಗೆ. ಆರೋಗ್ಯ ಸಂಸ್ಥೆಯದೇ ಕೈಪಿಡಿಯಾದರೂ ಆರೋಗ್ಯಸೇವೆ ಕೊನೆಯಲ್ಲಿದೆ!

ಹಿರಿಯರು ಕೇಳುವುದೂ ದೊಡ್ಡದೇನಲ್ಲ: ಕೂರಲು ಜಾಗ, ಶೌಚಾಲಯ, ರಸ್ತೆ ದಾಟಲು ಇನ್ನೊಂದಿಷ್ಟು ಹೊತ್ತು. ಕೂರುವ ಜಾಗವನ್ನಂತೂ ನಮ್ಮ ಊರುಗಳಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಮನೆಗೆ ಜಗಲಿ, ಊರಿಗೆ ಅರಳಿಕಟ್ಟೆ, ಹರಟೆಗೆ ಸೋಮಾರಿಕಟ್ಟೆ. ಎಲ್ಲರಿಗೂ ಅಲ್ಲಿ ಸಮನಾದ ಜಾಗವಿತ್ತು ಎನ್ನಲಾರೆ. ಜಾತಿ ನೋಡಿ, ಹೆಣ್ಣು ಗಂಡು ನೋಡಿ ಕೂರಿಸುತ್ತಿದ್ದ ಕಟ್ಟೆಗಳವು. ಆದರೂ ಬೀದಿಗೆ ಮುಖ ಮಾಡಿ ಕೂರಬಹುದಿತ್ತು. ಬಡಾವಣೆಗಳಲ್ಲಿ ಜಗಲಿ ಹೋಗಿ ಕಾಂಪೌಂಡ್ ಬಂತು. ನಮ್ಮ ರಸ್ತೆಯ ಅಜ್ಜಿಯೊಬ್ಬರು ತರಕಾರಿ ಚೀಲ ಹಿಡಿದು ಮುಚ್ಚಿದ ಅಂಗಡಿಯ ಮೆಟ್ಟಿಲ ಮೇಲೆ ಸುಧಾರಿಸಿಕೊಳ್ಳುತ್ತಾರೆ. ಷಟರ್ ತೆರೆದಿದ್ದರೆ ಅದೂ ಇಲ್ಲ.

ರಸ್ತೆ ಸುಧಾರಿಸಲೇ ಇಲ್ಲವೆಂದಲ್ಲ. ರಸ್ತೆ, ಫುಟ್‌ಪಾತ್, ಚರಂಡಿಗಳನ್ನು ಒಟ್ಟಿಗೇ ಹೊಸದಾಗಿ ಕಟ್ಟುವ ಟೆಂಡರ್ ಶ್ಯೂರ್ ಯೋಜನೆಯಲ್ಲಿ ರೆಸಿಡೆನ್ಸಿ ರಸ್ತೆಯಂಥ ಕಡೆ ಅಗಲವಾದ ಫುಟ್‌ಪಾತ್ ಬಂತು. ಆದರೆ ಅವು ಹೆಚ್ಚಾಗಿ ಕಚೇರಿ, ಅಂಗಡಿಗಳ ರಸ್ತೆಗಳು. 2025ರ ಮೇನಲ್ಲಿ ಸುಪ್ರೀಂ ಕೋರ್ಟ್ ಫುಟ್‌ಪಾತ್ ಬಳಸುವುದೂ ಬದುಕುವ ಹಕ್ಕಿನ ಭಾಗ ಎಂದಿತು.

ಬಸ್ಸಿನದು ಇನ್ನೊಂದು ಕಥೆ. 2006ರಲ್ಲಿ ಬಿಎಂಟಿಸಿ ತಗ್ಗು ನೆಲದ ವೋಲ್ವೊ ತಂದಿತು, ಟಿಕೆಟ್ ಮಾತ್ರ ದುಬಾರಿ. 2023ರ ಜೂನ್ 11ರಿಂದ ‘ಶಕ್ತಿ’ ಯೋಜನೆಯಲ್ಲಿ ಅಜ್ಜಿಯಂದಿರಿಗೆ ಪ್ರಯಾಣ ಉಚಿತ. ಆದರೆ ಎಸಿ ವೋಲ್ವೊದಲ್ಲಿ ಅಲ್ಲ, ಎಷ್ಟೋ ಸಲ ಎತ್ತರದ ಮೆಟ್ಟಿಲಿನ ಸಾಮಾನ್ಯ ಬಸ್ಸಿನಲ್ಲಿ. ಈಚೆಗೆ ತಗ್ಗು ನೆಲದ ಎಲೆಕ್ಟ್ರಿಕ್ ಬಸ್ಸುಗಳೂ ಬಂದಿವೆ. ಸ್ಟಾಪಿನ ಮುಂದೆ ಆಟೊಗಳು ಸಾಲಾಗಿ ನಿಂತಿರುತ್ತವೆ, ಬಸ್ಸು ನಡುರಸ್ತೆಯಲ್ಲೇ ನಿಲ್ಲುತ್ತದೆ. ಅಜ್ಜಿ ಫುಟ್‌ಪಾತಿನಿಂದ ಕೆಳಗಿಳಿದು, ಆಟೊಗಳ ಸಂದಿಯಲ್ಲಿ ತೂರಿ ಬಾಗಿಲು ಮುಟ್ಟುವಷ್ಟರಲ್ಲಿ ಕಂಡಕ್ಟರ್ ‘ರೈಟ್’ ಅಂದಿರುತ್ತಾನೆ.