ಟೌರಂಗಾಕ್ಕೆ ಮೇಯರ್ ಮರಳಿ ಬಂದದ್ದು ಹೇಗೆ?

ನ್ಯೂಜಿಲೆಂಡಿನ ಟೌರಂಗಾ ನಗರದಲ್ಲಿ 2024ರ ಜುಲೈನಲ್ಲಿ ಮೇಯರ್ ಆಗಿ ಗೆದ್ದವರು ಮಾಹೆ ಡ್ರೈಸ್‌ಡೇಲ್. ರೋಯಿಂಗ್ ನೋಡುವವರಿಗೆ ಈ ಹೆಸರು ಗೊತ್ತಿರುತ್ತದೆ. ಒಬ್ಬರೇ ಎರಡು ಹುಟ್ಟು ಹಿಡಿದು ಹೋಗುವ ಸಿಂಗಲ್ ಸ್ಕಲ್ಸ್‌ನಲ್ಲಿ ಐದು ಸಲ ವಿಶ್ವ ಚಾಂಪಿಯನ್. 2012ರಲ್ಲಿ ಲಂಡನ್‌ನಲ್ಲಿ, 2016ರಲ್ಲಿ ರಿಯೋದಲ್ಲಿ ಒಲಿಂಪಿಕ್ ಚಿನ್ನ. ರಿಯೋದಲ್ಲಂತೂ ಇವರದ್ದೂ ಕ್ರೊಯೇಷಿಯಾದ ದಾಮಿರ್ ಮಾರ್ಟಿನ್ ಅವರದ್ದೂ ಒಂದೇ ಸಮಯ, 6 ನಿಮಿಷ 41.34 ಸೆಕೆಂಡ್. ಕೊನೆಗೆ ಫೋಟೊ ನೋಡಿ ತೀರ್ಪು ಕೊಟ್ಟರು.

ಪದಕ ನೋಡಿ ಜನ ಓಟು ಹಾಕಿದರು ಅಂತ ಹೇಳಿ ಮುಗಿಸಿಬಿಡಬಹುದು. ಆದರೆ ಅದಕ್ಕೂ ಮುಂಚೆ ಮೂರೂವರೆ ವರ್ಷ ಆ ಊರಿಗೆ ಮೇಯರೇ ಇರಲಿಲ್ಲ. ಒಬ್ಬ ಚುನಾಯಿತ ಸದಸ್ಯರೂ ಇರಲಿಲ್ಲ. ಗೋಜಲು ಇರುವುದು ಅಲ್ಲಿ.

ಟೌರಂಗಾ ಮೊದಲು ಸಣ್ಣ ಬಂದರು ಊರು. ಕಿವಿ ಹಣ್ಣಿನ ವ್ಯಾಪಾರ, ಕಡಲತೀರ, ನಿವೃತ್ತರ ಮನೆಗಳು ಅಂತ ಬೆಳೆಯುತ್ತಾ ದೇಶದ ಅತಿ ದೊಡ್ಡ ಬಂದರಿನ ನಗರವಾಯಿತು. ಜನ ಬಂದಷ್ಟು ವೇಗದಲ್ಲಿ ರಸ್ತೆ, ಪೈಪು ಬರಲಿಲ್ಲ. ತೆರಿಗೆ ಜಾಸ್ತಿ ಮಾಡುತ್ತೇನೆ ಅಂದವರಿಗೆ ಓಟು ಬೀಳುವುದಿಲ್ಲ, ಅಲ್ವಾ?

2014ರಲ್ಲಿ ಕೌನ್ಸಿಲ್ ಕಚೇರಿಯ ಗೋಡೆಗಳಲ್ಲೇ ವಿಷಕಾರಿ ಕಪ್ಪು ಬೂಷ್ಟು ಸಿಕ್ಕಿತು. ಸಿಬ್ಬಂದಿ ಗಂಟುಮೂಟೆ ಕಟ್ಟಬೇಕಾಯಿತು. 2018ರಲ್ಲಿ ಮ್ಯೂಸಿಯಂ ಬೇಕೇ ಅಂತ ಜನರನ್ನು ಕೇಳಿದರು. ಬೇಡ ಅಂದರು. ಹ್ಯಾರಿಂಗ್ಟನ್ ಬೀದಿಯಲ್ಲಿ ಬಹುಮಹಡಿ ಪಾರ್ಕಿಂಗ್ ಕಟ್ಟಡ ಏಳುತ್ತಿತ್ತು. ವಿನ್ಯಾಸದಲ್ಲಿ ದೋಷ ಇದೆ, ಭೂಕಂಪ ತಡೆಯುವುದಿಲ್ಲ ಅಂತ 2020ರಲ್ಲಿ ಕೆಲಸ ಕೈಬಿಟ್ಟರು. ಸುಮಾರು 1.9 ಕೋಟಿ ಡಾಲರ್ ಸುರಿದಿದ್ದ ಆ ಅಸ್ಥಿಪಂಜರ ಆಮೇಲೆ ಮಾರಾಟವಾಗಿದ್ದು ಒಂದು ಡಾಲರ್‌ಗೆ. ಹೌದು, ಒಂದೇ ಡಾಲರ್.

ಅಷ್ಟರಲ್ಲಿ ಕೌನ್ಸಿಲ್ ಒಳಗೇ ಜಗಳ ತಾರಕಕ್ಕೇರಿತ್ತು. ಆ ವರ್ಷದ ನವೆಂಬರ್‌ನಲ್ಲಿ ಮೇಯರ್ ರಾಜೀನಾಮೆ ಕೊಟ್ಟರು. 2021ರ ಫೆಬ್ರುವರಿಯಲ್ಲಿ ಸರ್ಕಾರ ಚುನಾಯಿತ ಸದಸ್ಯರ ಜಾಗದಲ್ಲಿ ನಾಲ್ವರು ಕಮಿಷನರ್‌ಗಳನ್ನು ಕೂರಿಸಿತು. ಲೇಬರ್ ಸರ್ಕಾರ ನೇಮಿಸಿದ ಈ ತಂಡಕ್ಕೆ ಮುಖ್ಯಸ್ಥೆ ಆನ್ ಟಾಲಿ, ಎದುರು ಪಕ್ಷ ನ್ಯಾಷನಲ್‌ನ ಮಾಜಿ ಸಚಿವೆ. 2022ರ ಅಕ್ಟೋಬರ್‌ಗೆ ಮುಗಿಯಬೇಕಿದ್ದ ಅವಧಿ 2024ರ ಜುಲೈವರೆಗೆ ಎಳೆಯಿತು.

ಕಮಿಷನರ್‌ಗಳು ಕೆಲಸ ಮಾಡಲಿಲ್ಲ ಅನ್ನುವ ಹಾಗಿಲ್ಲ. ಓಟು ಕೇಳುವ ಚಿಂತೆ ಇಲ್ಲದವರಿಗೆ ತೆರಿಗೆ ಏರಿಸುವುದು ಸಲೀಸು. ಪೇಟೆಯ ಮಧ್ಯೆ ಗ್ರಂಥಾಲಯ, ಸಭಾಭವನ, ಮ್ಯೂಸಿಯಂ ಸೇರಿದ ಸುಮಾರು 30 ಕೋಟಿ ಡಾಲರ್‌ಗಳ ಯೋಜನೆಗೆ ಸಹಿ ಬಿತ್ತು. ಜನ ಬೇಡ ಅಂದಿದ್ದ ಮ್ಯೂಸಿಯಂ ಹೀಗೆ ವಾಪಸ್ ಬಂತು. ಅದು ಊರಿಗೆ ಒಳ್ಳೆಯದೇ ಇರಬಹುದು. ಆದರೆ ಕೇಳಿದ ಪ್ರಶ್ನೆಗೆ ಉತ್ತರ ಕೊಟ್ಟವರನ್ನು ಇನ್ನೊಂದು ಸಲ ಕೇಳಬಹುದಿತ್ತು.

ಡ್ರೈಸ್‌ಡೇಲ್ ಬಂದದ್ದು ಈ ಹೊತ್ತಿಗೆ. ಬೆಳೆದದ್ದು ಇದೇ ಊರಲ್ಲಿ. ಹಣಕಾಸು ಸಲಹೆಗಾರರಾಗಿ ದುಡಿದವರು, ಕೌನ್ಸಿಲ್ ಅನುಭವ ಸೊನ್ನೆ. ಹಿಂದೆ ಮೇಯರ್ ಆಗಿದ್ದ ಗ್ರೆಗ್ ಬ್ರೌನ್‌ಲೆಸ್ ಕೂಡ ಕಣದಲ್ಲಿದ್ದರು. ಹಳೆಯ ಜಗಳದಲ್ಲಿ ಇಲ್ಲದ ಮುಖ ಅನ್ನುವುದು ಚಿನ್ನದ ಪದಕಕ್ಕಿಂತ ಜಾಸ್ತಿ ಕೆಲಸ ಮಾಡಿರಬಹುದು ಅಂತ ನನಗನಿಸುತ್ತದೆ.

ಸಿಂಗಲ್ ಸ್ಕಲ್ಸ್‌ನಲ್ಲಿ ಯಾರನ್ನೂ ಒಪ್ಪಿಸಬೇಕಿಲ್ಲ. ಕೌನ್ಸಿಲ್‌ನಲ್ಲಿ ಒಂಬತ್ತು ವಾರ್ಡುಗಳಿಂದ ಒಬ್ಬೊಬ್ಬರಂತೆ ಒಂಬತ್ತು ಸದಸ್ಯರಿದ್ದಾರೆ. ಮೇಯರ್ ಉಪಮೇಯರನ್ನು ನೇಮಿಸಬಹುದು, ಸಮಿತಿ ರಚಿಸಬಹುದು. ಆದರೆ ನಿರ್ಣಯಕ್ಕೆ ಕೈಯೆತ್ತುವಾಗ ಎಲ್ಲರ ಹಾಗೆ ಅವರದ್ದೂ ಒಂದು ಓಟು. ಅರ್ಧ ಕಟ್ಟಿದ ಯೋಜನೆ ನಿಲ್ಲಿಸಿದರೂ ನಷ್ಟ, ಮುಗಿಸಿದರೂ ಸಾಲ. ತಾವು ಸಹಿ ಹಾಕದ ಬಿಲ್ಲಿನ ಬಗ್ಗೆ ತೆರಿಗೆದಾರರಿಗೆ ಉತ್ತರ ಹೇಳಬೇಕಾದವರು ಮಾತ್ರ ಇವರೇ. 2025ರ ಅಕ್ಟೋಬರ್‌ನಲ್ಲಿ ದೇಶದ ಬೇರೆ ಊರುಗಳು ಸ್ಥಳೀಯ ಚುನಾವಣೆಗೆ ಹೋದಾಗ ಟೌರಂಗಾ ನಗರ ಕೌನ್ಸಿಲ್‌ಗೆ ಚುನಾವಣೆ ಇರಲಿಲ್ಲ. ಈ ಕೌನ್ಸಿಲ್‌ನ ಅವಧಿ 2028ರ ಅಕ್ಟೋಬರ್‌ವರೆಗೆ ಇದೆ.