ದಾಖಲಾತಿ 80, ಬರೋದು 60: ಉಳಿದ 20 ಮಕ್ಕಳು ಯಾರು?

ಓದುಗರ ಪ್ರಶ್ನೆ: ನಾನು ನಮ್ಮೂರ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸದಸ್ಯ. ಒಂದರಿಂದ ಎಂಟನೇ ತರಗತಿವರೆಗೆ 80 ಮಕ್ಕಳ ದಾಖಲಾತಿ ಇದೆ, ಯಾವ ದಿನ ಎಣಿಸಿದರೂ 60ರ ಆಸುಪಾಸು. ಜೂನ್‌ನಲ್ಲಿ ಜಾಥಾ ಮಾಡಿದೆವು, ಮನೆ ಮನೆಗೆ ಹೋಗಿ ಬುದ್ಧಿ ಹೇಳಿದೆವು. ನಾಲ್ಕು ದಿನ ಬಂದರು, ಆಮೇಲೆ ಮತ್ತೆ ಅದೇ ಕಥೆ. ಬರದವರ ಹೆಸರು ಹೊಡೆದುಹಾಕಿ ಎನ್ನುವವರೂ ಇದ್ದಾರೆ. ಏನು ಮಾಡುವುದು?

ಉತ್ತರ: ಜಾಥಾ ಸದ್ಯಕ್ಕಿರಲಿ. ಹೆಡ್ ಮಾಸ್ತರರ ಮೇಜಿನ ಮೇಲಿರುವ ಹಾಜರಿ ಪುಸ್ತಕಗಳನ್ನು ಒಂದು ಮಧ್ಯಾಹ್ನ ಅವರ ಜೊತೆ ಕೂತು ಓದಿ. ಓದುವ ದಿಕ್ಕು ಮಾತ್ರ ಬದಲಾಗಬೇಕು. ಎಲ್ಲರೂ ಅದನ್ನು ಮೇಲಿಂದ ಕೆಳಕ್ಕೆ ಕೂಡುತ್ತಾರೆ: ಇವತ್ತು 60, ನಿನ್ನೆ 62. ಆ 60 ಯಾವ ಮಗುವಿನ ಬಗ್ಗೆಯೂ ಏನನ್ನೂ ಹೇಳುವುದಿಲ್ಲ. ನೀವು ಅಡ್ಡಕ್ಕೆ ಓದಿ, ಒಂದು ಹೆಸರು ಹಿಡಿದು ತಿಂಗಳ ಮೊದಲ ದಿನದಿಂದ ಕೊನೆಯ ದಿನದವರೆಗೆ.

ಯಾಕೆಂದರೆ 80ಕ್ಕೆ 60 ಎಂಬುದು ಎರಡು ಬೇರೆ ಬೇರೆ ರೀತಿಯಲ್ಲಿ ಬರಬಹುದು. ತಿಂಗಳಲ್ಲಿ 24 ದಿನ ಶಾಲೆ ನಡೆಯಿತು ಎನ್ನಿ. 60 ಮಕ್ಕಳು ಒಂದು ದಿನವೂ ತಪ್ಪಿಸದೆ ಬಂದು, 20 ಮಕ್ಕಳು ಇಡೀ ತಿಂಗಳು ಬಾರದಿದ್ದರೂ ಸರಾಸರಿ 60. ಎಂಬತ್ತೂ ಮಕ್ಕಳು ತಲಾ 6 ದಿನ ತಪ್ಪಿಸಿದರೂ ಸರಾಸರಿ 60. ಮೊದಲನೆಯದರಲ್ಲಿ ಮಕ್ಕಳು ಊರಲ್ಲೇ ಇಲ್ಲದಿರಬಹುದು, ಅಥವಾ ಕೂಲಿಗೆ ಹೋಗುತ್ತಿರಬಹುದು. ಎರಡನೆಯದರಲ್ಲಿ ತೊಂದರೆ ಇರುವುದು ಶಾಲೆಯ ದಿನಚರಿಯಲ್ಲೋ ಊರಿನ ವಾರದ ಲಯದಲ್ಲೋ. ಒಂದರ ಮದ್ದು ಇನ್ನೊಂದಕ್ಕೆ ನಾಟುವುದಿಲ್ಲ. ಜಾಥಾಕ್ಕೆ ನಾಲ್ಕೇ ದಿನದ ಆಯುಷ್ಯ ಇದ್ದದ್ದೂ ಇದೇ ಕಾರಣಕ್ಕೆ.

ಹೀಗೆ ಓದುವಾಗ ಒಂದು ಅಳತೆಗೋಲು ಇಟ್ಟುಕೊಳ್ಳಿ. ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ವರ್ಷಕ್ಕೆ ಒಂದರಿಂದ ಐದನೇ ತರಗತಿಗೆ ಕನಿಷ್ಠ 200, ಆರರಿಂದ ಎಂಟಕ್ಕೆ 220 ಶಾಲಾ ದಿನ. ತಿಂಗಳಿಗೆ ಎರಡೇ ದಿನ ತಪ್ಪಿಸುವ ಮಗು ವರ್ಷಕ್ಕೆ 20 ದಿನ ಕಳೆದುಕೊಳ್ಳುತ್ತದೆ, ಅಂದರೆ ಸುಮಾರು ಹತ್ತನೇ ಒಂದು ಪಾಲು. ಈ ಮಗು ಯಾರ ಕಣ್ಣಿಗೂ ಬೀಳುವುದಿಲ್ಲ. 'ಅವನು ಬರ್ತಾನಲ್ಲ' ಎಂದೇ ಎಲ್ಲರೂ ಹೇಳುತ್ತಾರೆ. ತಿಂಗಳಿಗೆ ಎರಡು ಅಥವಾ ಹೆಚ್ಚು ಗೈರು ಇರುವ ಹೆಸರುಗಳನ್ನೆಲ್ಲ ಬೇರೆ ಹಾಳೆಯಲ್ಲಿ ಬರೆದು, ಪಕ್ಕದಲ್ಲಿ ಗೈರಾದ ದಿನಗಳು ಯಾವ ವಾರ ಎಂದು ಗುರುತಿಸಿ. ಆ ಹಾಳೆಯ ಫೋಟೊ ತೆಗೆದು ಊರಿನ ವಾಟ್ಸ್‌ಆ್ಯಪ್ ಗುಂಪಿಗೆ ಮಾತ್ರ ಹಾಕಬೇಡಿ. ಹೆಸರು ಬಯಲಾದ ಮನೆಯ ಬಾಗಿಲು ಮತ್ತೆ ತೆರೆಯುವುದು ಕಷ್ಟ.

ಈಗ ಗೈರಿನ ಆಕಾರ ಕಾಣತೊಡಗುತ್ತದೆ.

ವಾರವಾರ ಒಂದೇ ದಿನ ಹತ್ತು ಹೆಸರು ಖಾಲಿ ಎಂದರೆ ಅದು ಸಂತೆ. ಅಪ್ಪ ಅಮ್ಮ ಸಂತೆಗೆ ಹೋದರೆ ಆಡು ಕಾಯಲು, ಮನೆ ನೋಡಲು ಒಬ್ಬರು ಬೇಕು. ಆ ದಿನವನ್ನು ಶಾಲೆಯ ಅತಿ ಒಳ್ಳೆಯ ದಿನ ಮಾಡಿ: ಆಟ, ಗ್ರಂಥಾಲಯದ ಪುಸ್ತಕ ಹಂಚುವುದು, ಪ್ರಯೋಗ ಎಲ್ಲ ಅವತ್ತೇ ಇರಲಿ. ಕೆಲವು ಮಕ್ಕಳು ತಾವೇ ಮನೆಯಲ್ಲಿ ಹಠ ಹಿಡಿದು ಬರುತ್ತಾರೆ. ಜಾತ್ರೆಯ ಸುತ್ತಲಿನ ಗೈರಿಗೆ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಅನುಮತಿಯಿಂದ ಪಡೆಯುವ ಸ್ಥಳೀಯ ರಜೆ ಇದೆ. ತೇರಿನ ದಿನಕ್ಕೋ ಮರುದಿನಕ್ಕೋ ಎಂಬುದನ್ನು ಹಿಂದಿನ ವರ್ಷದ ಹಾಜರಿ ನೋಡಿ ನಿರ್ಧರಿಸಿ. ಬಳಗ ಇನ್ನೂ ಮನೆಯಲ್ಲಿರುವಾಗ ಚೀಲ ಹೆಗಲಿಗೇರಿಸುವ ಮಗು ಅಪರೂಪ.

ಆರು, ಏಳು, ಎಂಟನೇ ತರಗತಿಯ ಹುಡುಗಿಯ ಸಾಲಿನಲ್ಲಿ ತಿಂಗಳಿಗೊಮ್ಮೆ ಮೂರು ನಾಲ್ಕು ದಿನ ಸತತ ಗೈರು ಕಂಡರೆ ಮನೆಗೆ ಹೋಗುವ ಮುಂಚೆ ಶಾಲೆಯ ಶೌಚಾಲಯಕ್ಕೆ ಹೋಗಿ. ಒಳಗಿನಿಂದ ಚಿಲಕ ಬೀಳುತ್ತದೆಯೇ? ನೀರಿದೆಯೇ, ಬಕೆಟ್ ಇದೆಯೇ? ಬಳಸಿದ ಪ್ಯಾಡ್ ಹಾಕಲು ಮುಚ್ಚಳದ ಡಬ್ಬಿ ಇದೆಯೇ? ಶುಚಿ ಯೋಜನೆಯ ಪ್ಯಾಡ್‌ಗಳು ಬಂದು ಹೆಡ್ ಮಾಸ್ತರರ ಬೀರುವಿನಲ್ಲಿ ಬೀಗ ಹಾಕಿಕೊಂಡು ಕೂತಿವೆಯೇ? ಗಂಡಸು ಮೇಷ್ಟ್ರ ಹತ್ತಿರ ಯಾವ ಹುಡುಗಿಯೂ ಕೇಳುವುದಿಲ್ಲ. ಶಿಕ್ಷಕಿ ಇಲ್ಲದ ಶಾಲೆಯಲ್ಲಿ ಅಡುಗೆ ಸಿಬ್ಬಂದಿಯಲ್ಲೊಬ್ಬರಿಗೆ ಅಥವಾ ಆಶಾ ಕಾರ್ಯಕರ್ತೆಗೆ ಈ ಹೊಣೆ ಒಪ್ಪಿಸಿ. ಮುರಿದ ಚಿಲಕಕ್ಕೆ ಆಗುವ ಖರ್ಚು ಜಾಥಾದ ಬ್ಯಾನರಿನ ಖರ್ಚಿಗಿಂತ ಕಡಿಮೆ.

ಅಲ್ಲೊಂದು ಇಲ್ಲೊಂದು ದಿನ, ಕ್ರಮವೇ ಇಲ್ಲದ ಗೈರು, ಅದೂ ಮನೆಯ ಹಿರಿಯ ಮಗಳದ್ದು ಎಂದರೆ ಮನೆಯಲ್ಲಿ ಕೈಕೂಸು ಇದೆಯೇ ವಿಚಾರಿಸಿ. ಅವ್ವನಿಗೆ ಕೂಲಿ ಸಿಕ್ಕ ದಿನ ಮಗಳಿಗೆ ಶಾಲೆ ತಪ್ಪುತ್ತದೆ. ಇಲ್ಲಿ ಬುದ್ಧಿ ಹೇಳಿ ಪ್ರಯೋಜನವಿಲ್ಲ, ಕೂಸಿಗೆ ಜಾಗ ಹುಡುಕಬೇಕು. ಮೂರು ತುಂಬಿದ್ದರೆ ಅಂಗನವಾಡಿ. ಇನ್ನೂ ಸಣ್ಣದಾಗಿದ್ದರೆ ಗ್ರಾಮ ಪಂಚಾಯಿತಿಯ 'ಕೂಸಿನ ಮನೆ' ಇದೆಯೇ ಎಂದು ಪಿಡಿಒ ಅವರನ್ನು ಕೇಳಿ. ಉದ್ಯೋಗ ಖಾತ್ರಿ ಕೆಲಸಕ್ಕೆ ಹೋಗುವ ತಾಯಂದಿರ ಪುಟ್ಟ ಮಕ್ಕಳಿಗಾಗಿಯೇ 2023ರಿಂದ ನಡೆಯುತ್ತಿರುವ ಯೋಜನೆ ಅದು.

ಇನ್ನೊಂದು ಆಕಾರ ನನ್ನ ಲೆಕ್ಕದಲ್ಲಿ ಎಲ್ಲಕ್ಕಿಂತ ಅಪಾಯದ್ದು: ಜೂನ್‌ನಲ್ಲಿ 2 ಗೈರು, ಜುಲೈನಲ್ಲಿ 4, ಆಗಸ್ಟ್‌ನಲ್ಲಿ 9. ಮನೆಯಲ್ಲಿ ಕೇಳಿದರೆ 'ಹೋಗು ಅಂತೀವಿ, ಅವನೇ ಒಲ್ಲೆ ಅಂತಾನ' ಎನ್ನುತ್ತಾರೆ. ಅದು ಬಹುಮಟ್ಟಿಗೆ ನಿಜವೂ ಹೌದು. ಐದನೇ ತರಗತಿಯಲ್ಲಿದ್ದು ಒತ್ತಕ್ಷರ ಓದಲು ಬಾರದ ಹುಡುಗ ದಿನವೂ ಆರು ತಾಸು ಅರ್ಥವಾಗದ್ದನ್ನು ಕೇಳುತ್ತ ಕೂರಬೇಕು. ದೊಡ್ಡವರು ಅಂಥ ಸಭೆಯಿಂದ ಹತ್ತು ನಿಮಿಷಕ್ಕೆ ಎದ್ದು ಬರುತ್ತಾರೆ. ಪೆಟ್ಟಿನ ಭಯವೂ ಇರಬಹುದು. ಹೊಡೆಯುವುದು, ಹೀಯಾಳಿಸುವುದು ಎರಡನ್ನೂ ಕಾಯ್ದೆಯ 17ನೇ ಸೆಕ್ಷನ್ ನಿಷೇಧಿಸಿದೆ. ಈ ಮಗುವಿಗೆ ಬೇಕಾದದ್ದು ದಿನಕ್ಕೆ ಅರ್ಧ ತಾಸು, ತನ್ನ ಮಟ್ಟದ ಪುಸ್ತಕ, ಜೊತೆಗೆ ಕೂರುವ ಒಬ್ಬರು.

ಮನೆಗೆ ಹೋಗುವುದು ಹೇಗೆ, ಯಾವಾಗ

ನಿಮ್ಮ ಭೇಟಿ ತಡವಾಯಿತು ಎಂದು ನನ್ನ ಅನುಮಾನ. ಕರ್ನಾಟಕದಲ್ಲಿ ಮೊದಲು ಸತತ 60 ದಿನ ಬಾರದಿದ್ದರೆ ಮಾತ್ರ ಶಾಲೆಯಿಂದ ಹೊರಗುಳಿದ ಮಗು ಎಂದು ಎಣಿಸುತ್ತಿದ್ದರು. ಹೈಕೋರ್ಟ್ 2013ರಲ್ಲಿ ಈ ವಿಷಯವನ್ನು ಸ್ವಯಂಪ್ರೇರಿತವಾಗಿ ಕೈಗೆತ್ತಿಕೊಂಡ ಮೇಲೆ ಅದು 7 ದಿನಕ್ಕೆ ಇಳಿಯಿತು. ಆದರೆ ಏಳನೇ ದಿನದವರೆಗೆ ಕಾಯಿರಿ ಎಂದು ಅದರ ಅರ್ಥವಲ್ಲ. ಮೊದಲ ದಿನವೇ ಅದೇ ಓಣಿಯ ಮಗುವನ್ನು ಕೇಳಿ, ಇಲ್ಲವೇ ಫೋನ್ ಮಾಡಿ. ಮೂರನೇ ದಿನಕ್ಕೆ ತರಗತಿ ಶಿಕ್ಷಕರು ಮನೆಗೆ ಹೋಗಬೇಕು. ಏಳನೇ ದಿನಕ್ಕೆ ಸಿಆರ್‌ಪಿಗೆ (ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿ) ಲಿಖಿತ ಮಾಹಿತಿ ಕೊಟ್ಟು, ಅದರ ನಕಲನ್ನು ಎಸ್‌ಡಿಎಂಸಿ ಕಡತದಲ್ಲಿಡಿ. ಪೋಷಕರನ್ನು ಕರೆದು ಮಗುವಿನ ಹಾಜರಿಯ ಬಗ್ಗೆ ತಿಳಿಸುವುದು ಶಿಕ್ಷಣ ಹಕ್ಕು ಕಾಯ್ದೆಯ 24ನೇ ಸೆಕ್ಷನ್ ಪ್ರಕಾರ ಶಿಕ್ಷಕರ ಕರ್ತವ್ಯ, ಉಪಕಾರವಲ್ಲ.

ಹೋಗುವ ಹೊತ್ತು ಸಂಜೆ ಏಳರ ಮೇಲಿರಲಿ. ಬೆಳಗ್ಗೆ ಹನ್ನೊಂದಕ್ಕೆ ಹೋದರೆ ಬಾಗಿಲಿಗೆ ಬೀಗ, ಇಲ್ಲವೇ ಕಿವಿ ಕೇಳದ ಅಜ್ಜ. ಹತ್ತು ಜನ ಗುಂಪಾಗಿ ಹೋದರೆ ಅದು ಭೇಟಿಯಲ್ಲ, ಪಂಚಾಯಿತಿ. ಇಬ್ಬರು ಸಾಕು, ಒಬ್ಬರು ಹೆಂಗಸು. ಮೊದಲ ಮಾತು 'ಯಾಕ ಕಳಸಿಲ್ರಿ?' ಎಂದಾದರೆ ಬರುವ ಉತ್ತರ ಜ್ವರ, ಅಷ್ಟೇ. 'ಅಕ್ಕಾರ, ಎರಡು ದಿನ ಆತು ಹುಡುಗಿ ಕಂಡಿಲ್ಲ, ಆರಾಮ ಅದಾಳಲ್ರಿ?' ಎಂದು ಕೇಳಿ ನೋಡಿ, ಚಾ ಜೊತೆ ನಿಜವೂ ಬರುತ್ತದೆ. ಹದಿನಾಲ್ಕು ತುಂಬದ ಮಗು ಹೋಟೆಲಿಗೋ ಗ್ಯಾರೇಜಿಗೋ ಕೆಲಸಕ್ಕೆ ಹೋಗುತ್ತಿದೆ, ಅಥವಾ ಹುಡುಗಿಯ ಮದುವೆ ಮಾತುಕತೆ ನಡೆದಿದೆ ಎಂದು ತಿಳಿದರೆ ಅದು ಮನವೊಲಿಕೆಯ ವಿಷಯವಲ್ಲ. ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿ.

ಜ್ವರ ಎಂಬ ಉತ್ತರ ಎಷ್ಟೋ ಸಲ ನಿಜವೇ ಇರುತ್ತದೆ. ತಪ್ಪುವುದು ಎಷ್ಟು ದಿನ ಮನೆಯಲ್ಲಿ ಇರಿಸಿಕೊಳ್ಳಬೇಕು ಎಂಬಲ್ಲಿ. ಕಜ್ಜಿಯಾದ ಮಗುವನ್ನು ಎರಡೆರಡು ವಾರ ಮನೆಯಲ್ಲಿ ಕೂರಿಸುತ್ತಾರೆ. ವೈದ್ಯರು ಕೊಟ್ಟ ಮುಲಾಮನ್ನು ಹೇಳಿದಂತೆ ಒಮ್ಮೆ ಮೈತುಂಬ ಹಚ್ಚಿ ತೊಳೆದ ಮೇಲೆ ಮರುದಿನ ಬರಬಹುದು. ಮನೆಮಂದಿಯೆಲ್ಲ ಒಂದೇ ದಿನ ಹಚ್ಚಿಕೊಳ್ಳದಿದ್ದರೆ ಮಾತ್ರ ಕಜ್ಜಿ ಸುತ್ತು ಹೊಡೆದು ಮತ್ತೆ ಬರುತ್ತದೆ. ಸೀತಾಳೆ ಸಿಡುಬಿಗೆ ಎಲ್ಲ ಗುಳ್ಳೆಗಳೂ ಹಕ್ಕಳೆಗಟ್ಟುವವರೆಗೆ ಕಾಯಬೇಕು. ಹೇನಿಗೆ ಒಂದು ದಿನದ ರಜೆಯೂ ಬೇಡ. ಜ್ವರವಿಲ್ಲದ ನೆಗಡಿಗೂ ಬೇಡ.

ಸುಳ್ಳು ಹಾಜರಿ ಮತ್ತು ಹೆಸರು ಹೊಡೆಯುವುದು

ಬಾರದ ಮಗುವಿಗೆ ಹಾಜರಿ ಹಾಕುವ ಅಭ್ಯಾಸ ಶಾಲೆಯಲ್ಲಿದ್ದರೆ ಮೇಲೆ ಹೇಳಿದ್ದೆಲ್ಲ ವ್ಯರ್ಥ. ಇದರ ಹಿಂದೆ ಯಾವಾಗಲೂ ದುರಾಸೆಯೇ ಇರುವುದಿಲ್ಲ; ಮಕ್ಕಳ ಸಂಖ್ಯೆ ಇಳಿದರೆ ಶಿಕ್ಷಕರ ಹುದ್ದೆ ಹೋಗುತ್ತದೆ ಎಂಬ ಹೆದರಿಕೆ ಇರುತ್ತದೆ. ಆದರೆ ಪುಸ್ತಕದಲ್ಲಿ ಇರುವ ಮಗುವನ್ನು ಯಾರೂ ಹುಡುಕಿಕೊಂಡು ಹೋಗುವುದಿಲ್ಲ. ತಾಳೆ ನೋಡುವುದು ಸುಲಭ. ಅಕ್ಷರ ದಾಸೋಹದಲ್ಲಿ, ಅಂದರೆ ಶಾಲೆಯ ಬಿಸಿಯೂಟದಲ್ಲಿ, ಒಂದರಿಂದ ಐದರವರೆಗಿನ ಮಗುವಿಗೆ ದಿನಕ್ಕೆ 100 ಗ್ರಾಂ ಧಾನ್ಯ, ಆರರಿಂದ ಎಂಟಕ್ಕೆ 150 ಗ್ರಾಂ ಲೆಕ್ಕ. ಹತ್ತು ಸುಳ್ಳು ಹಾಜರಿ ಎಂದರೆ ದಿನಕ್ಕೆ ಒಂದರಿಂದ ಒಂದೂವರೆ ಕಿಲೊ ವ್ಯತ್ಯಾಸ. ಪ್ರಾರ್ಥನೆ ಮುಗಿದ ಅರ್ಧ ತಾಸಿನೊಳಗೆ ಹಾಜರಿ ಹಾಕಿ, ಅದೇ ಸಂಖ್ಯೆ ಅಡುಗೆಮನೆಗೆ ಹೋಗಬೇಕು, ಊಟದ ಹೊತ್ತಿಗೆ ತಟ್ಟೆ ಎಣಿಸಬೇಕು. ಬೆಳಗ್ಗೆ 66, ಊಟಕ್ಕೆ 66, ಮಧ್ಯಾಹ್ನ ಮೂರಕ್ಕೆ 51 ಎಂದಾದರೆ ಅದು ಬೇರೆಯದೇ ಸಮಸ್ಯೆ. ಊಟದ ನಂತರ ತರಗತಿಗಳು ನಡೆಯುತ್ತಿವೆಯೇ ಎಂದು ಎದ್ದು ಹೋಗಿ ನೋಡಿ.

ಹೆಸರು ಹೊಡೆದುಹಾಕುವ ಸಲಹೆಗೆ ಒಪ್ಪಬೇಡಿ. ಪ್ರಾಥಮಿಕ ಶಿಕ್ಷಣ ಮುಗಿಯುವವರೆಗೆ ಮಗುವನ್ನು ಶಾಲೆಯಿಂದ ಹೊರಹಾಕುವಂತಿಲ್ಲ ಎಂದು 16ನೇ ಸೆಕ್ಷನ್ ಹೇಳುತ್ತದೆ. ಬೇರೆ ಶಾಲೆಗೆ ಸೇರಿದ್ದು ಖಚಿತವಾಗಿ, ವಿದ್ಯಾರ್ಥಿಗಳ ಆನ್‌ಲೈನ್ ದಾಖಲೆಯಾದ ಸ್ಯಾಟ್ಸ್‌ನಲ್ಲಿ ವರ್ಗಾವಣೆ ಆದ ಮೇಲಷ್ಟೇ ಹೆಸರು ಹೋಗಬೇಕು. ದಂಡ ಹಾಕುವ ಯೋಚನೆಯನ್ನೂ ಬಿಡಿ, ಎಸ್‌ಡಿಎಂಸಿಗೆ ಆ ಅಧಿಕಾರ ಇಲ್ಲ. ಶೇ 100 ಹಾಜರಿಗೆ ಬಹುಮಾನ ಎಂದು ಘೋಷಿಸಿದರೆ ಜ್ವರದ ಮಗು ನಡುಗುತ್ತ ಬಂದು ಕೂರುತ್ತದೆ, ಜೂನ್‌ನಲ್ಲೇ ಒಂದು ದಿನ ತಪ್ಪಿಸಿಕೊಂಡವನಿಗೆ ವರ್ಷಪೂರ್ತಿ ಬರಲು ಕಾರಣವೇ ಉಳಿಯುವುದಿಲ್ಲ. ಹೋದ ತಿಂಗಳಿಗಿಂತ ಈ ತಿಂಗಳು ಹೆಚ್ಚು ದಿನ ಬಂದವರನ್ನು ಪ್ರಾರ್ಥನೆಯಲ್ಲಿ ಹೆಸರಿಸಿ.

ಗುಳೆ ಹೋಗುವವರು

ನಿಮ್ಮ ಹಾಳೆಯಲ್ಲಿ ದೀಪಾವಳಿಯ ಆಚೀಚೆ ಆರಂಭವಾಗಿ ಮಾರ್ಚ್‌ವರೆಗೆ ಖಾಲಿ ಇರುವ ಹೆಸರುಗಳಿದ್ದರೆ ಅವು ಗುಳೆಯ ಮಕ್ಕಳು. ವಿಜಯಪುರ, ಕಲಬುರಗಿ, ಯಾದಗಿರಿ, ರಾಯಚೂರು ಕಡೆಯ ಹಳ್ಳಿ, ತಾಂಡಾಗಳಿಗೆ ಇದು ಹೊಸದಲ್ಲ: ಕಬ್ಬು ಕಡಿಯಲು, ಬೆಂಗಳೂರು, ಗೋವಾ, ಮುಂಬೈಯ ಕಟ್ಟಡಗಳಿಗೆ. ಹೊರಟ ದಿನ ಗಾಡಿ ತಡೆದು ಮಾತಾಡಿ ಉಪಯೋಗವಿಲ್ಲ. ಕಬ್ಬಿನ ಮುಕಾದಮನಿಂದ (ಕೂಲಿಯವರನ್ನು ಕರೆದೊಯ್ಯುವ ಮೇಸ್ತ್ರಿ) ಮುಂಗಡ ತೆಗೆದುಕೊಂಡ ದಿನವೇ ಆ ಮನೆಯ ನಿರ್ಧಾರ ಆಗಿರುತ್ತದೆ. ಆದ್ದರಿಂದ ಆಗಸ್ಟ್‌ನಲ್ಲೇ ಮನೆಮನೆಯ ಪಟ್ಟಿ ಮಾಡಿ: ಯಾರು ಹೋಗುತ್ತಾರೆ, ಎಲ್ಲಿಗೆ, ಅಜ್ಜಿ ಊರಲ್ಲಿ ಉಳಿಯುತ್ತಾರೆಯೇ. ಮಗುವನ್ನು ಊರಲ್ಲೇ ಉಳಿಸಿಕೊಳ್ಳುವ ಋತುಮಾನದ ವಸತಿ ವ್ಯವಸ್ಥೆಗೆ ಬೇಡಿಕೆಯನ್ನು ದಸರಾ ರಜೆಗೂ ಮುಂಚೆ, ಮಕ್ಕಳ ಹೆಸರು ಸಹಿತ ಬಿಇಒ ಕಚೇರಿಗೆ ಕೊಡಿ. ನವೆಂಬರ್‌ನಲ್ಲಿ ಕೊಟ್ಟ ಅರ್ಜಿ ಮಂಜೂರಾಗುವಷ್ಟರಲ್ಲಿ ಕಬ್ಬು ಮುಗಿದಿರುತ್ತದೆ.

ಜೊತೆಗೇ ಹೋಗುವ ಮಗುವಿನ ಸ್ಯಾಟ್ಸ್ ಸಂಖ್ಯೆ, ತರಗತಿ, ಹೆಡ್ ಮಾಸ್ತರರ ಫೋನ್ ನಂಬರನ್ನು ಒಂದು ರಟ್ಟಿನ ಮೇಲೆ ಬರೆದು ಕೊಡಿ. ಟಿಸಿ ಇಲ್ಲ, ತಡವಾಯಿತು ಎಂಬ ಕಾರಣಕ್ಕೆ ಯಾವ ಶಾಲೆಯೂ ಪ್ರವೇಶ ನಿರಾಕರಿಸುವಂತಿಲ್ಲ. ಸೊಲ್ಲಾಪುರ, ಅಕ್ಕಲಕೋಟೆ, ಜತ್ತ ಕಡೆ ಹೋಗುವವರಿಗೆ ಅಲ್ಲಿ ಕನ್ನಡ ಶಾಲೆಗಳಿವೆ ಎಂದು ತಿಳಿಸಿ.

ಎಂಟು ಮುಗಿಸಿ ಪ್ರೌಢಶಾಲೆಗೆ ಹೋದವರ ವಿಷಯ ಒಂದೇ ಮಾತು: ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಶೇ 75 ಹಾಜರಿ ಬೇಕು. ಶಾಲೆ 220 ದಿನ ನಡೆದರೆ 165 ದಿನ. ಉಳಿಯುವ 55 ದಿನ ದೊಡ್ಡದಾಗಿ ಕಾಣುತ್ತದೆ, ಆದರೆ ಒಂದು ಕಬ್ಬಿನ ಹಂಗಾಮು ಅದನ್ನು ನುಂಗಿಬಿಡುತ್ತದೆ. ಫೆಬ್ರುವರಿಯಲ್ಲಿ ಗೊತ್ತಾದರೆ ಮಾಡುವುದೇನೂ ಉಳಿದಿರುವುದಿಲ್ಲ.

ಮರಳಿ ಬಂದ ದಿನ

ನಿಮ್ಮ ಮಕ್ಕಳು 'ನಾಲ್ಕು ದಿನ ಬಂದು' ನಿಂತರಲ್ಲ, ಆ ನಾಲ್ಕು ದಿನ ಅವರನ್ನು ಎಲ್ಲಿ ಕೂರಿಸಿದರು, ಏನು ಹೇಳಿದರು ಎಂದು ಕೇಳಿ ನೋಡಿ. 'ಬಂದ್ರಾ ಸಾಹೇಬ್ರು?' ಎಂಬ ಒಂದು ಕುಹಕ ಸಾಕು. ಎಚ್.ಡಿ. ಕೋಟೆಯಲ್ಲಿ 1995ರಲ್ಲಿ ಆರಂಭವಾದ ನಲಿಕಲಿ ಎಂಬ ಕಲಿಕಾ ಪದ್ಧತಿಯಲ್ಲಿ ಇದಕ್ಕೊಂದು ದಾರಿ ಇತ್ತು: ಕಲಿಕೆಯನ್ನು ಮೆಟ್ಟಿಲುಗಳಾಗಿ ಒಡೆದಿದ್ದರಿಂದ, ಹತ್ತು ದಿನ ಬಿಟ್ಟು ಬಂದ ಮಗು ತಾನು ನಿಂತಿದ್ದ ಮೆಟ್ಟಿಲಿನಿಂದಲೇ ಮುಂದುವರಿಯಬಹುದು. ಅದು ಮೂರನೇ ತರಗತಿಗೆ ಮುಗಿಯುತ್ತದೆ. ನಾಲ್ಕರಿಂದ ಮೇಲಿನವರಿಗೆ ಅಂಥ ಮೆಟ್ಟಿಲನ್ನು ಶಿಕ್ಷಕರೇ ಮಾಡಿಕೊಡಬೇಕು. ತಪ್ಪಿದ ಪಾಠಗಳಲ್ಲಿ ಮುಂದಿನದಕ್ಕೆ ಬೇಕೇಬೇಕಾದ ಒಂದೆರಡನ್ನು ಮಾತ್ರ ಆರಿಸಿ. ಎಲ್ಲ ನೋಟ್ಸ್ ಬರೆದು ತೋರಿಸು ಎಂದರೆ ಮರುದಿನ ಮಗು ಬರುವುದಿಲ್ಲ. ಜೊತೆಗೊಬ್ಬ ಗೆಳೆಯನನ್ನು ಕೂರಿಸಿ, ಮೊದಲ ವಾರ ಬೋರ್ಡಿನ ಮುಂದೆ ನಿಲ್ಲಿಸಿ ಲೆಕ್ಕ ಕೇಳಬೇಡಿ. ಐದನೇ ದಿನ ಮಗು ಬಂತೇ ಎಂದು ನೋಡುವ ಕೆಲಸವನ್ನು ಎಸ್‌ಡಿಎಂಸಿಯ ಒಬ್ಬ ಸದಸ್ಯರ ಹೆಸರಿಗೆ ಬರೆದಿಡಿ, ಅದು ನೀವೇ ಆದರೂ ಸರಿ.