ಗಣಿಯಿಂದ ಎಷ್ಟು ದೂರ ಎಂದು ಕೇಳಬೇಡಿ

ತಾಮ್ರದ ಆಸೆ ಹೊತ್ತು ಶಿವಮೊಗ್ಗದ ನನ್ನ ಕಚೇರಿಗೆ ಬರುವವರ ಕೈಯಲ್ಲಿ ಸಾಮಾನ್ಯವಾಗಿ ಎರಡು ವಸ್ತುಗಳಿರುತ್ತವೆ: ಹಳೆಯ ಪತ್ರಿಕೆಯಲ್ಲಿ ಸುತ್ತಿದ ಒಂದು ಕಲ್ಲು, ಮೊಬೈಲಿನಲ್ಲಿ ಒಂದು ನಕ್ಷೆ. ನಕ್ಷೆಯಲ್ಲಿ ಚಿತ್ರದುರ್ಗದ ಇಂಗಳದಾಳ ತಾಮ್ರದ ಗಣಿಯ ಸುತ್ತ ದುಂಡಗೆ ಗೆರೆ ಎಳೆದಿರುತ್ತಾರೆ. "ಸಾರ್, ನಾವು ನೋಡಿರುವ ಜಾಗ ಗಣಿಯಿಂದ ಬರೀ ಮೂರು ಕಿಲೋಮೀಟರ್" ಎಂದು ಶುರು ಮಾಡುತ್ತಾರೆ. ಆ ದುಂಡು ಗೆರೆಯನ್ನು ಮೊದಲು ಅಳಿಸಿ ಎಂದು ನಾನು ಶುರು ಮಾಡುತ್ತೇನೆ.

ಗಣಿಯ ಆಸುಪಾಸಿನಲ್ಲಿ ಹುಡುಕುವುದು ತಪ್ಪೆಂದು ಯಾರೂ ತಿಳಿಯಬೇಡಿ. ತಾಮ್ರ, ಸತು, ಸೀಸದ ನಿಕ್ಷೇಪಗಳು ಒಂಟಿಯಾಗಿರುವುದು ಕಡಿಮೆ. ಲಾವಾದ ಜೊತೆಯಲ್ಲಿ ಸಿಗುವ ತಾಮ್ರ, ಸತುವಿನ ಅದಿರು ಹುಟ್ಟುವ ಬಗೆಯೇ ಹಾಗೆ. ಸಮುದ್ರದ ತಳದಲ್ಲಿ ಲಾವಾ ಉಕ್ಕುವ ಕಡೆ ನೀರು ಬಿರುಕುಗಳೊಳಗೆ ಇಳಿದು ಕಾಯುತ್ತದೆ, ಕಲ್ಲಿನಲ್ಲಿರುವ ಲೋಹವನ್ನು ಕರಗಿಸಿಕೊಂಡು ಮೇಲೆ ಚಿಮ್ಮುತ್ತದೆ, ತಣ್ಣೀರು ತಾಗಿದ ಕೂಡಲೇ ಲೋಹವು ಗಂಧಕದೊಡನೆ ಕೂಡಿ ತಳದಲ್ಲಿ ಕೂರುತ್ತದೆ. ಇಂಥ ಬುಗ್ಗೆಗಳು ಇಂದಿಗೂ ಲೋಹ ಉಗುಳುತ್ತಿರುವುದನ್ನು 1979ರಲ್ಲಿ ಪೆಸಿಫಿಕ್ ಸಾಗರದ ತಳದಲ್ಲಿ ವಿಜ್ಞಾನಿಗಳು ಕಣ್ಣಾರೆ ಕಂಡರು. ಬುಗ್ಗೆ ಒಂದೇ ಇರುವುದಿಲ್ಲ. ಒಂದೇ ಕಾಲದಲ್ಲಿ, ಒಂದೇ ತಳದ ಮೇಲೆ ಹಲವು ಇರುತ್ತವೆ. ನಮ್ಮ ಕಡೆ ಆ ತಳ ಹೇಗಿತ್ತೆಂದು ನೋಡುವ ಆಸೆಯಿದ್ದರೆ ಚಿತ್ರದುರ್ಗ ಜಿಲ್ಲೆಯ ಮರಡಿಹಳ್ಳಿಗೆ ಹೋಗಿ ಬನ್ನಿ. ನೀರಿನಡಿಯಲ್ಲಿ ಉಕ್ಕಿ, ಉಬ್ಬಿ, ಗಟ್ಟಿಯಾದ ದಿಂಬು ಲಾವಾ ಅಲ್ಲಿ ಬಯಲಲ್ಲೇ ಬಿದ್ದಿದೆ. ವಯಸ್ಸು 250 ಕೋಟಿ ವರ್ಷಕ್ಕೂ ಹೆಚ್ಚು. ಮಕ್ಕಳನ್ನು ಕರೆದುಕೊಂಡು ಹೋಗಿ ತೋರಿಸಬೇಕಾದ ಜಾಗ ಅದು.

ಆದರೆ "ಒಂದೇ ತಳದ ಮೇಲೆ" ಎಂಬ ಮಾತನ್ನು ಹಿಡಿದುಕೊಳ್ಳಿ. ಎಲ್ಲರೂ ಕೈಬಿಡುವುದು ಅದನ್ನೇ. ಅಂದು ಮಟ್ಟಸವಾಗಿದ್ದ ಆ ತಳ ಇಂದು ಮಟ್ಟಸವಾಗಿಲ್ಲ. ಭೂಮಿ ಅದನ್ನು ಒತ್ತಿ, ಮಡಿಚಿ, ಹೆಚ್ಚುಕಡಿಮೆ ನೆಟ್ಟಗೆ ನಿಲ್ಲಿಸಿದೆ. ಚಿತ್ರದುರ್ಗದ ಶಿಲಾಪಟ್ಟಿ ಗದಗದ ಕಡೆಯಿಂದ ಶ್ರೀರಂಗಪಟ್ಟಣದ ಕಡೆಗೆ 300 ಕಿಲೋಮೀಟರಿಗೂ ಉದ್ದ ಓಡುತ್ತದೆ. ಪದರಗಳ ಓಟ ಬಹುಮಟ್ಟಿಗೆ ಉತ್ತರ-ವಾಯವ್ಯದಿಂದ ದಕ್ಷಿಣ-ಆಗ್ನೇಯಕ್ಕೆ. ತೋಟದವರಿಗೆ ನಾನು ಹೀಗೆ ಹೇಳುತ್ತೇನೆ: ಅಡಿಕೆ ತೋಟದಲ್ಲಿ ಒಂದು ಸಾಲು ಹಿಡಿದು ನಡೆದರೆ ಕೊನೆಯವರೆಗೂ ಅದೇ ಸಾಲು, ಬಸಿಗಾಲುವೆ ದಾಟಿದರೆ ಬೇರೆ ಸಾಲು. ಗಣಿಯಿಂದ ಪೂರ್ವಕ್ಕೆ ಇನ್ನೂರು ಮೀಟರ್ ನಡೆದರೆ ನೀವು ಅದಿರಿನ ಪದರವನ್ನು ಬಿಟ್ಟು ಬೇರೆಯೇ ಕಲ್ಲಿನ ಮೇಲೆ ನಿಂತಿರಬಹುದು. ಪದರದ ಓಟ ಹಿಡಿದು ಹತ್ತು ಕಿಲೋಮೀಟರ್ ಹೋದರೂ ಅದೇ ಲಾವಾ, ಅದೇ ಕಾಲದ ತಳ ನಿಮ್ಮ ಕಾಲಡಿ ಇರಬಹುದು. ಆದ್ದರಿಂದ ಮೂರು ಕಿಲೋಮೀಟರ್ ಎಂಬ ಅಂಕಿಗೆ ಸ್ವಂತ ಅರ್ಥವೇ ಇಲ್ಲ. ಯಾವ ದಿಕ್ಕಿಗೆ ಮೂರು, ಯಾವ ಪದರದ ಮೇಲೆ ಮೂರು ಎಂದು ಕೇಳಬೇಕು.

ಇಷ್ಟು ಹೇಳಿದ ಮೇಲೂ "ಹಾಗಾದರೆ ಹತ್ತಿರ ಇದ್ದಷ್ಟೂ ಒಳ್ಳೆಯದಲ್ಲವೇ ಸಾರ್?" ಎಂದು ಕೇಳುವವರಿದ್ದಾರೆ. ಅಲ್ಲ. ಒಮ್ಮೆ ಮುಂಗಡ ಹಣ ಕೊಟ್ಟು ಜಮೀನಿನ ಕರಾರು ಮಾಡಿಕೊಂಡ ಮೇಲೆ ನನ್ನನ್ನು ಕರೆದೊಯ್ದ ಅಣ್ಣತಮ್ಮಂದಿರಿದ್ದರು. ಗಣಿಯ ದಿಬ್ಬ ಅಲ್ಲಿಂದ ಕಣ್ಣಿಗೆ ಕಾಣುತ್ತಿತ್ತು. ಕಾಲಡಿ ಇದ್ದದ್ದು ನಸುಗೆಂಪು ಗ್ರಾನೈಟ್, ಸಮುದ್ರತಳದ ಲಾವಾ ಅಲ್ಲ. ಅವರು ಹುಡುಕುತ್ತಿದ್ದ ಬಗೆಯ ಅದಿರಿಗೆ ಅಲ್ಲಿ ಜಾಗವೇ ಇರಲಿಲ್ಲ. ಕರಾರಿಗೆ ಮುಂಚೆ ಒಂದು ಬೆಳಗ್ಗೆ ಸುತ್ತಾಡಿದ್ದರೆ ಸಾಕಿತ್ತು. ಈ ಸಂಕಟವನ್ನು ನೋಡಿ ನೋಡಿಯೇ ಈ ಅಂಕಣ ಬರೆಯುತ್ತಿದ್ದೇನೆ.

ಒಂದು ಎಚ್ಚರಿಕೆ ಸೇರಿಸಲೇಬೇಕು. ಪದರ ಮಡಿಚಿ ಹೊರಳಿದ್ದರೆ ಅಡ್ಡಡ್ಡ ಹೋದಾಗಲೂ ಅದು ಮತ್ತೆ ಎದುರಾಗಬಹುದು. ಬಿರುಕೊಂದು ಕತ್ತರಿಸಿದ್ದರೆ ಓಟ ಹಿಡಿದು ಹೋದರೂ ತಪ್ಪಿಹೋಗಬಹುದು. ಲೋಹವೇ ಆಮೇಲೆ ಕರಗಿ ಬಿರುಕುಗಳಿಗೆ ಸರಿದಿರಲೂಬಹುದು. ಇದನ್ನೆಲ್ಲ ನೆಲದ ಮೇಲೆ ನಕ್ಷೆ ಮಾಡಿಯೇ ತಿಳಿಯಬೇಕು.

ಮಲೆನಾಡಿಗೆ ಬಂದರೆ ತೊಡಕು ಇನ್ನೊಂದು ಬಗೆಯದು. ಇಲ್ಲಿ ಕಲ್ಲೇ ಕಾಣುವುದಿಲ್ಲ. ಸಾಗರ, ಹೊಸನಗರ, ತೀರ್ಥಹಳ್ಳಿಯ ಕಡೆ ಮಳೆ ಲಕ್ಷಾಂತರ ವರ್ಷ ತೊಳೆದು ತೊಳೆದು ಮೇಲೆ ಜಂಬಿಟ್ಟಿಗೆಯ ಹೊದಿಕೆ ಉಳಿಸಿದೆ. ತಾಮ್ರದ ಅದಿರು ಕೊಳೆತಾಗಲೂ ಮೇಲೆ ಕೆಂಪು-ಕಂದು ಕಬ್ಬಿಣದ ಟೊಪ್ಪಿಗೆ ನಿಲ್ಲುತ್ತದೆ. ನಾವು ಅದನ್ನು ಗಾಸನ್ ಎನ್ನುತ್ತೇವೆ. ಬಣ್ಣ ನೋಡಿದರೆ ಎರಡೂ ಒಂದೇ. ಗಾಸನ್ ಒಡೆದು ಭೂತಗನ್ನಡಿಯಲ್ಲಿ ನೋಡಿದರೆ ಕರಗಿಹೋದ ಗಂಧಕದ ಖನಿಜ ಬಿಟ್ಟುಹೋದ ಪುಟ್ಟ ಪುಟ್ಟ ಚೌಕದ ಗೂಡುಗಳು ಸಿಗಬಹುದು. ಜಂಬಿಟ್ಟಿಗೆಯಲ್ಲಿ ಇರುವುದು ಬರೀ ತೂತು. ಊರಿಗೆ ಊರೇ ಕೆಂಪಾಗಿರುವ ನಮ್ಮಲ್ಲಿ ಕೆಂಪು ಬಣ್ಣವನ್ನು ಸುಳಿವೆಂದು ಹಿಡಿದು ಹೊರಟರೆ ದಾರಿ ಮುಗಿಯುವುದಿಲ್ಲ.

ಕುಂಸಿಯ ಮ್ಯಾಂಗನೀಸ್ ಗಣಿಗಳ ಮಾತೂ ಆಗಾಗ ಬರುತ್ತದೆ. "ಅಲ್ಲಿ ಮ್ಯಾಂಗನೀಸ್ ಇತ್ತಲ್ಲ, ತಾಮ್ರವೂ ಇರಬೇಕು." ಒಂದು ಲೋಹದ ಗಣಿ ಇನ್ನೊಂದು ಲೋಹಕ್ಕೆ ಸಾಕ್ಷಿ ಹೇಳುವುದಿಲ್ಲ. ಅಷ್ಟೇ ಅಲ್ಲ, ಮ್ಯಾಂಗನೀಸಿನ ಕಪ್ಪು ಮಣ್ಣು ನೀರಿನಲ್ಲಿ ಹರಿದು ಬರುವ ತಾಮ್ರ, ಸತು, ಕೋಬಾಲ್ಟನ್ನು ತನ್ನಲ್ಲಿ ಹಿಡಿದಿಟ್ಟುಕೊಳ್ಳುತ್ತದೆ. ಆ ಮಣ್ಣನ್ನು ಪ್ರಯೋಗಾಲಯಕ್ಕೆ ಕಳಿಸಿದರೆ ಅಂಕಿ ಜೋರಾಗಿಯೇ ಬರುತ್ತದೆ, ಅಡಿಯಲ್ಲಿ ಏನೂ ಇಲ್ಲದಿದ್ದರೂ. ತಾಮ್ರದ ವರದಿಯ ಪಕ್ಕದಲ್ಲಿ ಮ್ಯಾಂಗನೀಸ್ ಎಷ್ಟೆಂದು ಬರೆದಿಲ್ಲದಿದ್ದರೆ ಆ ವರದಿಯನ್ನು ನಾನು ನಂಬುವುದಿಲ್ಲ.

ಆ ಭಾಗದಲ್ಲೇ ಅಡಿಕೆ ತೋಟದ ಹಿರಿಯರೊಬ್ಬರು ಸಿಕ್ಕಿದ್ದರು. ಕಲ್ಲು ಯಾವ ಕಡೆ ಓಡುತ್ತದೆ ಅಜ್ಜಾ ಎಂದು ಕೇಳಿದೆ. ಕೋಲಿನಿಂದ ನೆಲದಲ್ಲಿ ಗೆರೆ ಎಳೆದು ತೋರಿಸಿ, "ಈ ಗೆರೆಯ ಮೇಲೆ ಬಾವಿ ತೆಗೆದರೆ ಕಪ್ಪು ಕಲ್ಲು, ಆಚೆ ತೆಗೆದರೆ ಬಿಳಿ ಕಲ್ಲು" ಎಂದರು. ಆಮೇಲೆ ದಿಕ್ಸೂಚಿ ಇಟ್ಟು ನೋಡಿದರೆ ಗೆರೆ ಸರಿಯಾಗಿತ್ತು. ಬಾವಿ ತೋಡಿದವರಿಗೆ ಗೊತ್ತಿರುವಷ್ಟು ನೆಲ ಎಷ್ಟೋ ವರದಿಗಳಲ್ಲಿ ಇರುವುದಿಲ್ಲ. ಹಣ ಹಾಕುವವರು ಅವರ ಹತ್ತಿರ ಅರ್ಧ ಗಂಟೆ ಕೂತು ಕೇಳುವುದಿಲ್ಲವಲ್ಲ ಎಂಬುದು ನನಗೆ ನಿಜವಾದ ಬೇಸರ.

ಇನ್ನು ಪತ್ರಿಕೆಯಲ್ಲಿ ಸುತ್ತಿ ತರುವ ಕಲ್ಲು. ಹೊಳೆಯುವ ಹಳದಿ ಕಂಡರೆ ಚಾಕುವಿನ ತುದಿಯಿಂದ ಗೀರಿ ನೋಡಿ. ಗೀರು ಬಿದ್ದು ಕಪ್ಪು-ಹಸಿರು ಪುಡಿ ಉದುರಿದರೆ ಅದು ತಾಮ್ರದ ಅದಿರಾದ ಚಾಲ್ಕೊಪೈರೈಟ್ ಇರಬಹುದು. ಚಾಕು ಜಾರಿದರೆ ಪೈರೈಟ್, ಅಂದರೆ ಕಬ್ಬಿಣ ಮತ್ತು ಗಂಧಕ. ತೆಳ್ಳಗೆ ಹಾಳೆ ಹಾಳೆಯಾಗಿ ಎದ್ದರೆ ಕಾಗೆಬಂಗಾರ. ತಾಮ್ರವೇ ಆಗಿದ್ದರೂ, ಇರುವುದರಲ್ಲೇ ಚೆಂದದ ಕಲ್ಲನ್ನು ಆರಿಸಿ ತಂದು ಶೇ 4 ಬಂತೆಂದರೆ ಅದು ಆ ಕಲ್ಲಿನ ಅಂಕಿ, ಗುಡ್ಡದ್ದಲ್ಲ. ಅದಿರಿನ ಅಗಲ ಎಷ್ಟು, ಉದ್ದ ಎಷ್ಟು, ಆಳಕ್ಕೆ ಎಷ್ಟು ಇಳಿದಿದೆ ಎಂಬುದು ಕೊರೆದು ತೆಗೆದ ಕಲ್ಲಿನ ಕಂಬಿಯಲ್ಲಿ ಮಾತ್ರ ತಿಳಿಯುತ್ತದೆ. ವರದಿಯಲ್ಲಿ 400 ಪಿಪಿಎಂ (ಹತ್ತು ಲಕ್ಷ ಪಾಲಿನಲ್ಲಿ 400 ಪಾಲು) ಎಂದು ನೋಡಿ ಹಿಗ್ಗುವವರಿಗೂ ಒಂದು ಮಾತು: 10,000 ಪಿಪಿಎಂ ಸೇರಿದರೆ ಶೇ 1. ನಿಮ್ಮ 400 ಎಂದರೆ ಶೇ 0.04. ಮಣ್ಣಿನಲ್ಲಿ ಅದು ಒಳ್ಳೆಯ ಸುಳಿವಾಗಬಹುದು, ಅದಿರಾಗುವುದಿಲ್ಲ.

ಕಾನೂನಿನ ವಿಷಯ ಚುಟುಕಾಗಿ ಹೇಳುತ್ತೇನೆ, ವಿವರಕ್ಕೆ ವಕೀಲರನ್ನು ಕಾಣಿರಿ. 1957ರ ಗಣಿ ಮತ್ತು ಖನಿಜ ಕಾಯ್ದೆಯಡಿ ಅನುಮತಿಯಿಲ್ಲದೆ ಖನಿಜ ಶೋಧ ಮಾಡುವಂತಿಲ್ಲ, ಜಮೀನು ನಿಮ್ಮ ಹೆಸರಿನಲ್ಲಿದ್ದರೂ. 2023ರ ತಿದ್ದುಪಡಿಯಲ್ಲಿ ತಾಮ್ರ, ಸೀಸ, ಸತು ಸೇರಿ 29 ಖನಿಜಗಳಿಗೆ ಶೋಧ ಪರವಾನಗಿ ಎಂಬುದು ಬಂದಿದೆ, ಅದೂ ಹರಾಜಿನಲ್ಲಿ. ಮಲೆನಾಡಿನಲ್ಲಿ ಅರಣ್ಯದ ಗಡಿ ಎಲ್ಲಿದೆ ಎಂದು ಕಲ್ಲಿಗಿಂತ ಮೊದಲು ನೋಡಬೇಕು. ಕುದುರೆಮುಖದ ಕಬ್ಬಿಣದ ಗಣಿ 2005ರ ಕೊನೆಗೆ ನಿಂತದ್ದು ಅದಿರು ಮುಗಿದು ಅಲ್ಲ.

ನನ್ನ ಬಳಿ ಬರುವ ಮುಂಚೆ ಮಾಡಬಹುದಾದ ಕೆಲಸವೊಂದಿದೆ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯ ಭೂಕೋಶ ಜಾಲತಾಣದಲ್ಲಿ ಶಿಲಾನಕ್ಷೆಗಳೂ ಹಳೆಯ ಶೋಧದ ವರದಿಗಳೂ ಸಿಗುತ್ತವೆ. ನೀವು ನೋಡಿರುವ ಜಾಗವನ್ನು ಆ ನಕ್ಷೆಯ ಮೇಲೆ ಗುರುತಿಸಿ, ಗಣಿ ಇರುವ ಪದರಕ್ಕೆ ಬಣ್ಣ ಹಚ್ಚಿ, ಅದು ನಿಮ್ಮ ಜಾಗದ ಕಡೆಗೆ ಓಡುತ್ತದೆಯೇ ನೋಡಿ. ಓಡದಿದ್ದರೆ ಬಸ್ಸಿನ ಖರ್ಚು ಉಳಿಯಿತು. ಓಡುತ್ತಿದ್ದರೆ ಆ ಹಾಳೆಯನ್ನೇ ತನ್ನಿ, ಕಲ್ಲು ಮನೆಯಲ್ಲೇ ಇರಲಿ.